ಹೆಂಡತಿಯ ಕೈಬರಹದ ಪ್ರತಿ

ಮಾರ್ಚ್ ೧೪, ಶುಕ್ರವಾರ

ಮಗಳು ಈಗಷ್ಟೇ ಮಲಗಿದಳು. ನನಗಂತೂ ನಿದ್ದೆ ಬರುವ ಹಾಗಿಲ್ಲ.

ಪತ್ರಾಗಾರದಲ್ಲಿ ಇವತ್ತಿನ ಪಾಠ: ಯಾವುದನ್ನು ಉಳಿಸಬೇಕು, ಯಾವುದನ್ನು ಬಿಸಾಡಬೇಕು ಅನ್ನೋದು. ತೀರಿಹೋದ ಪ್ರೊಫೆಸರೊಬ್ಬರ ಕಾಗದಪತ್ರ ಬಂದಿತ್ತು. ಅವರು ಗೀಚಿದ ಕರಡು ಒಂದು ಕಟ್ಟು, ಅದನ್ನೇ ಹೆಂಡತಿ ದುಂಡಗೆ ಬರೆದುಕೊಟ್ಟ ಪ್ರತಿ ಇನ್ನೊಂದು ಕಟ್ಟು. ಆಕೆಯ ಒಂದು ಹಾಳೆಯಲ್ಲಿ ಪೆನ್ನು ತಟ್ಟನೆ ಜಾರಿ ಅಂಚಿನವರೆಗೂ ಗೀಟು ಎಳೆದಿದೆ. ಮುಂದಿನ ಸಾಲು ಮತ್ತೆ ನೆಟ್ಟಗೆ.

"ಸಾರ್, ಮಗು ಕೈ ಎಳೆದಿರಬೇಕು. ಇದನ್ನೂ ಇಟ್ಟುಕೊಳ್ಳೋಣ," ಎಂದೆ.

"ನಕಲಿಗೆಲ್ಲ ಜಾಗ ಎಲ್ಲಿದೆಯಮ್ಮಾ? ನಿನಗೆ ನಿದ್ದೆ ಸಾಲದು, ಕಂಡಕಂಡಲ್ಲಿ ಮಗು ಕಾಣುತ್ತೆ," ಅಂದರು ಮುಖ್ಯಸ್ಥರು. ಪಕ್ಕದ ಮೇಜಿನವರು ಕಿಸಕ್ಕೆಂದರು.

ಕೆಲಸ ಖಾಯಂ ಮಾಡೋದು ಬಿಡೋದು ಅವರ ಕೈಲಿದೆ. ಮನೆಯಲ್ಲಿ ಅತ್ತೆಯ ರಾಗ ಇದ್ದದ್ದೇ: "ಹಳೇ ಪೇಪರ್ ಆರಿಸೋದೂ ಒಂದು ಕೆಲಸವೇನೇ?" ಹೆಂಡತಿಯ ಪ್ರತಿಯ ಇಡೀ ಕಟ್ಟನ್ನು ರದ್ದಿ ಬುಟ್ಟಿಗೆ ಹಾಕಿದೆ. ಆ ಹಾಳೆಯನ್ನೂ.

"ಹಾಂ, ಈಗ ಕೈ ಕುದುರಿತು ನೋಡು," ಅಂದರು.

ಆ ಮಾತಿಗೆ ನನಗೆ ಖುಷಿಯಾಯಿತು. ಕೆನ್ನೆ ಬಿಸಿಯಾಗುವಷ್ಟು ಖುಷಿ. ಅದೇ ಈಗ ಕುಟುಕುತ್ತಿರೋದು. ಆಕೆ ಬರೆದು ಮುಗಿಸಿದಾಗ ಆ ಪ್ರೊಫೆಸರೂ ಇಷ್ಟೇ ಹೇಳಿರಬೇಕು, ಆಕೆಗೂ ಹೀಗೇ ಖುಷಿ—

ಮಗಳು ಎದ್ದು ಕೈ ಎಳೆದಳು, ಪೆನ್ನು ಅಂಚಿನವರೆಗೂ ಜಾರಿತು.