ಬೇರುಸಹಿತ ತರತಕ್ಕದ್ದು

ಸರಗೂರು
17-10-2003

ಪ್ರೀತಿಯ ಅತ್ತೆಗೆ ಪ್ರಮೀಳಾಳ ನಮಸ್ಕಾರಗಳು.

ನಿಮ್ಮ ಮಂಡಿನೋವು ಹೇಗಿದೆ? ಕೃಷ್ಣರಾಜನಗರದ ಆ ಮನೆಯ ಕಡಿದಾದ ಮೆಟ್ಟಿಲನ್ನು ಮಗುವನ್ನೆತ್ತಿಕೊಂಡು ಹತ್ತಬೇಡಿ. ನಿಮ್ಮ ಅಳಿಯ, ನೀಲಾಂಬಿಕೆಯ ಗಂಡ, ಹತ್ತಲಿ. ಬಾಣಂತಿಗೆ ಸಬ್ಬಸಿಗೆ ಸೊಪ್ಪು ಸಿಗುತ್ತಿದೆಯೇ? ಇಲ್ಲಿ ನಿಮ್ಮ ಮಗ ಆರೋಗ್ಯ. ನಿಮ್ಮ ದನಿ ಕೇಳದೆ ಎಮ್ಮೆ ಸ್ವಲ್ಪ ದಿನ ಹಾಲು ಕಡಿಮೆ ಕೊಟ್ಟಿತು, ಈಗ ನನಗೆ ಹೊಂದಿಕೊಂಡಿದೆ.

ನಮ್ಮ ಮಹಿಳಾ ಸಂಘದ 'ಬದುವಿನ ಊಟ' ಅಭಿಯಾನ ಭಾನುವಾರ ಮುಗಿಯಿತು. ಪೇಟೆಯ ಎಲೆಕೋಸನ್ನೇ ನೆಚ್ಚದೆ, ಹೊಲದ ಬದುವಿನಲ್ಲಿ ತಾನಾಗಿ ಬೆಳೆಯುವ ಸೊಪ್ಪನ್ನು ಜನ ಮತ್ತೆ ತಿನ್ನಲಿ ಎಂಬುದು ನಮ್ಮ ಆಸೆ. ಯಾರನ್ನೂ ಬಯ್ಯಬಾರದು, ಹೆದರಿಸಬಾರದು, ಮೆಚ್ಚಿಕೊಂಡೇ ಹೇಳಬೇಕು ಎಂದು ನಿಯಮ ಮಾಡಿಕೊಂಡಿದ್ದೆವು. ಗೋಡೆಗಳ ಮೇಲೆ ಬರೆದೆವು, ಸಂತೆಯಲ್ಲಿ ಬಸ್ಸಾರು ಮಾಡಿ ಮುದ್ದೆಯ ಜೊತೆ ಹಂಚಿದೆವು. ಕೊನೆಗೆ ಸ್ಪರ್ಧೆ: ಹೆಚ್ಚು ಬಗೆಯ ಸೊಪ್ಪು ತಂದವರಿಗೆ ಸ್ಟೀಲಿನ ದೊಡ್ಡ ಬೋಸಿ. ಬರೀ ಕುಡಿ ತಂದರೆ ಗುರುತಿಸುವಾಗ ತಕರಾರು ಬರುತ್ತದೆಂದು 'ಗಿಡವನ್ನು ಬೇರುಸಹಿತ ತರತಕ್ಕದ್ದು' ಎಂಬ ಸಾಲು ಸೇರಿಸಿದವಳು ನಾನು. ಸಾಲು ಅಚ್ಚುಕಟ್ಟಾಗಿದೆ ಎಂದು ಒಳಗೊಳಗೇ ಹಿಗ್ಗಿಯೂ ಇದ್ದೆ.

ಹೆಂಗಸರು ಹೊರೆಗಟ್ಟಲೆ ತಂದರು. ಅಣ್ಣೆ, ಹೊನಗೊನ್ನೆ, ಗಣಿಕೆ, ಒಂದೆಲಗ, ಹೆಸರು ಗೊತ್ತಿಲ್ಲದ ಇನ್ನೆಷ್ಟೋ. ಎಲ್ಲಕ್ಕೂ ಹಸಿಮಣ್ಣು ಹಿಡಿದ ಬೇರು. ಬೋಸಿ ಗೆದ್ದವಳು ನಮ್ಮ ಹೊಲಕ್ಕೆ ಕಳೆ ಕೀಳಲು ಬರುವ ಭದ್ರಮ್ಮ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಸಂಜೆಯ ಹೊತ್ತಿಗೆ ಸೊಪ್ಪೆಲ್ಲ ಬಾಡಿ ತಿಪ್ಪೆ ಸೇರಿತು.

ನೆನ್ನೆ ಅವಳು ಅದೇ ಬೋಸಿಯನ್ನು ಸೊಂಟಕ್ಕಿಟ್ಟುಕೊಂಡು ಬಂದಳು. ಅವಳ ಮೊಮ್ಮಕ್ಕಳಿಗೆ ದಿನವೂ ಬದುವಿನ ಸೊಪ್ಪಿನದೇ ಸಾರು ಎಂದು ನಿಮಗೆ ಗೊತ್ತು. "ನೋಡವ್ವಾ, ಬೋಸಿ ಎಂಗೆ ಪಳಪಳ ಅಂತದೆ! ಇದ್ರಲ್ಲಿ ಏನ್ ಬೇಯಿಸ್ಲಿ ಏಳು? ಊರ್ ಸುತ್ತ ಒಂದ್ ಕುಡೀನೂ ಇಲ್ಲ ಕಣವ್ವಾ" ಎಂದು ನಕ್ಕಳು. ಮಳೆ ಬಂದರೆ ಚಿಗುರುತ್ತದೆ ಎಂದೆ. "ಬೇರೇ ಇಲ್ದಿದ್ಮೇಲೆ ಏನ್ ಚಿಗುರ್ತದೆ? ಬೀಜಾನೂ ಕಟ್ಟಿರ್ಲಿಲ್ಲ, ಬುಡು" ಎಂದಳು. ಹಿತ್ತಲಿನ ನುಗ್ಗೆಸೊಪ್ಪು ಕೊಯ್ದು ಬೋಸಿಗೆ ಹಾಕಿ ಕಳಿಸಿದೆ. ಅವಳ ಮುಖ ನೋಡಲಾಗಲಿಲ್ಲ. ಇವತ್ತು ಅಂಗಡಿಯ ಮುಂದೆ ನಿಂತು ಎಲೆಕೋಸು ಆರಿಸುತ್ತಿದ್ದಳು. ನಾನು ಬೇರೆ ಬೀದಿಯಿಂದ ಮನೆಗೆ ಬಂದೆ.

ನೀಲಾಂಬಿಕೆ ತಣ್ಣೀರು ಮುಟ್ಟದಂತೆ ನೋಡಿಕೊಳ್ಳಿ. ಮಗುವಿನ ಕೆನ್ನೆಗೆ ನನ್ನದೊಂದು ಮುತ್ತು ಕೊಡಿ.

ನಿಮ್ಮ ಸೊಸೆ,
ಪ್ರಮೀಳಾ

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಊರ ಬದುಗಳಲ್ಲಿ ಮೊದಲು ಬರಿದಾದದ್ದು ನಿಮ್ಮದು. ಕುಡಿಯನ್ನು ಯಾರು ಬೇಕಾದರೂ ಚಿವುಟಿಕೊಳ್ಳಲಿ, ಬುಡ ಮಾತ್ರ ಅಲ್ಲಾಡಬಾರದು ಎಂದು ನೀವು ಕಾಯ್ದುಕೊಂಡು ಬಂದ ಬದು. ಭದ್ರಮ್ಮ ಅಲ್ಲಿ ಕುಕ್ಕರಗಾಲಲ್ಲಿ ಕೂತು, ಕೈ ಹಿಂದಕ್ಕೆಳೆದುಕೊಂಡು, "ದೊಡ್ಡಮ್ಮೋರು ಬಯ್ಯಾಕಿಲ್ವಾ?" ಎಂದು ಕೇಳಿದ್ದಳು. "ಅತ್ತೆ ಊರಲ್ಲಿಲ್ಲ, ಕೀಳು ಭದ್ರಮ್ಮಾ" ಎಂದವಳು ನಾನು. ನೀವು ಬರುವಾಗ ಕೃಷ್ಣರಾಜನಗರದ ನಾಲೆಯ ಪಕ್ಕದ ಹೊನಗೊನ್ನೆಯ ನಾಲ್ಕು ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತನ್ನಿ. ಭದ್ರಮ್ಮನಿಗೆ ಏನೂ ಅನ್ನಬೇಡಿ. ಬಯ್ಯಬಾರದೆಂಬ ನಿಯಮ ಅಭಿಯಾನದ್ದು, ಅದು ಮುಗಿಯಿತು. ಬಂದು ನನ್ನನ್ನು ಬಯ್ಯಿರಿ.