ಬದಲಾದ ಫೈಲ್: ಒಂದು

ಮಾರ್ಚ್ 2, ಬೆಳಿಗ್ಗೆ
ಅಕ್ಕನ ಮನೆ ಮಹಡಿಯ ಕಂಪ್ಯೂಟರ್ ಇವತ್ತೂ ಮೂರನೇ ಸಲಕ್ಕೆ ಎದ್ದಿತು. ಹಾರ್ಡ್ ಡಿಸ್ಕ್ ಕಟಕಟ ಅನ್ನುತ್ತಿದೆ. ಅದರೊಳಗೆ ನಮ್ಮಿಬ್ಬರ ಒಂಬತ್ತು ವರ್ಷ – ಕಸುಬುಗಳ ಪದಕೋಶ. ಬಡಗಿ, ದರ್ಜಿ, ಕಮ್ಮಾರರ ಬಾಗಿಲಲ್ಲಿ ನಿಂತು ನಾನು ಬರೆದುಕೊಂಡ ಹನ್ನೊಂದು ಸಾವಿರ ಪದ. ಅಕ್ಕ ಕೂತು ತಿದ್ದಿದ ಅರ್ಥ. ಬ್ಯಾಕಪ್ ಅಂತ ಇರುವುದು ಒಂದು ಪೆನ್‌ಡ್ರೈವ್, ಅದೂ ಹೋದ ವರ್ಷದ್ದು. ಪುಣ್ಯಕ್ಕೆ ಇನ್ನೂ ಏನೂ ಆಗಿಲ್ಲ. ತಿಂಗಳ ಕೊನೆಗೆ ಪ್ರೆಸ್‌ಗೆ ಕೊಡಬೇಕು.
ಹೊಸ ಡಿಸ್ಕ್ ತಂದೆ.

ಮಾರ್ಚ್ 3
ಲಿನಕ್ಸಿಗೆ ಬ್ಯಾಕಪ್ ಸಾಧನ ಒಂದೇ ಎರಡೇ. ಓದಿ ಓದಿ ತಲೆ ಕೆಟ್ಟಿತು. ಆರ್‌ಸಿಂಕ್ ಸುಲಭ – ಇದ್ದದ್ದನ್ನು ಇದ್ದ ಹಾಗೆ ನಕಲು ಮಾಡುತ್ತದೆ. ಆದರೆ ಇವತ್ತು ಏನೋ ಕೆಡಿಸಿದರೆ ನಾಳೆ ನಕಲಿನಲ್ಲೂ ಕೆಟ್ಟದ್ದೇ. ಬೋರ್ಗ್ ದಿನಕ್ಕೊಂದು ಪ್ರತಿ ಇಡುತ್ತದೆ. ಮೊದಲ ದಿನ ಎಲ್ಲ, ಆಮೇಲೆ ಬದಲಾದದ್ದಷ್ಟೇ. ಯಾವ ದಿನದ್ದು ಬೇಕೋ ಆ ದಿನದ್ದು ತೆಗೆಯಬಹುದು.
ಅಕ್ಕನಿಗೆ ಹೇಳಿದೆ. ಒಪ್ಪಲಿಲ್ಲ.
"ಇವತ್ತಿಂದು ಇದ್ರೆ ಸಾಕಲ್ವೇನೇ? ಹಳೇದನ್ನೆಲ್ಲ ಕಟ್ಕೊಂಡು ಏನ್ ಮಾಡ್ತೀಯ?"
ಹರಿದ ಚೀಲವನ್ನೂ ಎಸೆಯದವಳು! ನಗು ಬಂತು. ಹೂಂ ಅಂದೆ, ಬೋರ್ಗೇ ಹಾಕಿದೆ. ಮಧ್ಯಾಹ್ನ ಊಟದ ಹೊತ್ತಿಗೆ ತಾನೇ ಓಡುತ್ತದೆ. ಅವಳ ಮಾತು ಮೀರಿ ಮಾಡಿದ ಮೊದಲ ಕೆಲಸ ಇದೇ ಇರಬೇಕು.

ಮಾರ್ಚ್ 8
ಜ್ವರ. ಅಕ್ಕನ ಮನೆಯ ಮಹಡಿ ಹತ್ತುವ ಶಕ್ತಿ ಇಲ್ಲ. ನಮ್ಮನೆಯಲ್ಲೇ ಮಲಗಿದ್ದೇನೆ. ಅಕ್ಕ ಗಂಜಿ ತಂದು ಕುಡಿಸಿ ಹೋದಳು. ಕೆಲಸದ ಚಿಂತೆ ಬಿಡು, ನಾನಿದ್ದೀನಿ ಅಂದಳು.

ಮಾರ್ಚ್ 23
ಎದ್ದೆ. ಹೇಗೋ ಅಕ್ಕನ ಮಹಡಿ ಹತ್ತಿದೆ. ಹಿಂದಕ್ಕೆ ತೆಗೆದು ನೋಡದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ, ಅದಕ್ಕೆ ಪರೀಕ್ಷೆ ಮಾಡಿದೆ. ಹದಿನಾಲ್ಕರ ಪ್ರತಿಗೂ ಹದಿನೈದರದಕ್ಕೂ ಏನು ವ್ಯತ್ಯಾಸ ಅಂತ ಬೋರ್ಗನ್ನು ಕೇಳಿದೆ. ಬದಲಾದ ಫೈಲ್: ಒಂದು. ಹೆಸರು, ಕೃತಜ್ಞತೆ ಇರುವ ಮೊದಲ ಪುಟಗಳದ್ದು. ಹದಿನೇಳಕ್ಕೂ ಅದೇ. ಇಪ್ಪತ್ತಕ್ಕೂ ಅದೇ.
ತೆರೆದೆ.
ಮೂರನೇ ತಾರೀಖು – ಸಂಪಾದಕರು ಅಂತ ಇಬ್ಬರ ಹೆಸರು, ಒಂದರ ಕೆಳಗೊಂದು. ಹದಿನೈದು – ಸಂಪಾದಕಿ ಅವಳು, 'ಪದಸಂಗ್ರಹ' ನಾನು, ಸಣ್ಣ ಅಕ್ಷರದಲ್ಲಿ. ಹದಿನೇಳು – 'ನೆರವು'. ಇಪ್ಪತ್ತು – ಇಲ್ಲವೇ ಇಲ್ಲ. ಕೃತಜ್ಞತೆಯ ಪುಟದ ಕೊನೆಯಲ್ಲಿ ಒಂದು ಸಾಲು: 'ಕಂಪ್ಯೂಟರ್ ನೋಡಿಕೊಂಡ ತಂಗಿಗೆ.'
ತಂಗಿಗೆ. ಹೆಸರೂ ಇಲ್ಲ.
ನಾನು ಜ್ವರದಲ್ಲಿ ಬಿದ್ದಿದ್ದೆ. ಅವಳು ಗಂಜಿ ಕುಡಿಸಿ, ಮನೆಗೆ ಹೋಗಿ, ಮಹಡಿ ಹತ್ತಿ, ನನ್ನನ್ನು ಸ್ವಲ್ಪ ಸ್ವಲ್ಪವೇ ಅಳಿಸಿದಳು. ನಂಬಿಸಿ ಕುತ್ತಿಗೆ ಕುಯ್ಯುವುದು ಅಂದರೆ ಇದೇ.

ಮಾರ್ಚ್ 24
ಹಳೇ ಪ್ರತಿಗಳಲ್ಲಿ ಕಂಡದ್ದನ್ನು ಹೇಳಿ ಅಕ್ಕನನ್ನು ಕೇಳಿದೆ. ಬಟ್ಟೆ ಮಡಚುತ್ತಿದ್ದಳು, ಕೈ ನಿಲ್ಲಿಸಲಿಲ್ಲ. ಪ್ರೆಸ್‌ನವರೇ ಒಂದು ಹೆಸರು ಸಾಕು ಅಂದರಂತೆ. ಪುಸ್ತಕಕ್ಕೆ ಡಿಗ್ರಿ ಇರುವವರ ಹೆಸರು ಇದ್ದರೆ ಕಾಲೇಜಿನವರು ಕೊಳ್ಳುತ್ತಾರಂತೆ. ನನಗೆ ನೋವಾಗುತ್ತದೆ ಅಂತ ಹೇಳಲಿಲ್ಲವಂತೆ. ಅರ್ಧ ನಂಬಿದೆ. ನಂಬಬೇಕು ಅನ್ನಿಸಿತ್ತು.

ಮಾರ್ಚ್ 25
ಪ್ರೆಸ್ಸಿನ ಯಜಮಾನರಿಗೆ ಫೋನ್ ಮಾಡಿದೆ. ಪಾಪ, ಅವರಿಗೇ ಗಾಬರಿ.
"ನೀವೇ ಹೆಸರು ಬೇಡ ಅಂದ್ರಂತಲ್ಲಮ್ಮ. ನಿಮಗೆ ಇಂಥದ್ರಲ್ಲೆಲ್ಲ ಆಸೆ ಇಲ್ಲ ಅಂತ ನಿಮ್ಮಕ್ಕ ಎಷ್ಟು ಹೆಮ್ಮೆಯಿಂದ ಹೇಳಿದ್ರು!"
ಫೋನ್ ಇಟ್ಟೆ. ಅಳು ಬರಲಿಲ್ಲ. ಕಮ್ಮಾರನ ಕುಲುಮೆ ಮುಂದೆ ನಿಂತು ಸೀರೆ ಸೆರಗು ಸುಟ್ಟುಕೊಂಡವಳು ನಾನು. ಆಸೆ ಇಲ್ಲವಂತೆ.

ಮಾರ್ಚ್ 30
ಐದು ದಿನ ಮಾತಿಲ್ಲ. ಇವತ್ತು ಅವಳಾಗೇ ಬಂದಳು. ತಪ್ಪಾಯಿತು ಅನ್ನುತ್ತಾಳೆ ಅಂದುಕೊಂಡೆ.
"ಆ ಹಳೇ ಕಾಪಿಗಳನ್ನ ಅಳಿಸ್ಬಿಡೇ. ಯಾರಾದ್ರೂ ನೋಡಿದ್ರೆ ನನ್ನ ಬಗ್ಗೆ ಏನಂದ್ಕೊಳ್ತಾರೆ?"
ಹೂಂ ಅಂದೆ. ಎರಡನೇ ಸಲ.

ಮಾರ್ಚ್ 31, ಬೆಳಿಗ್ಗೆ 8.10
ಅಕ್ಕನ ಮಹಡಿಯಲ್ಲಿದ್ದೇನೆ. ಕೆಳಗೆ ಅವಳು ಪಾತ್ರೆ ಜೋಡಿಸುತ್ತಿದ್ದಾಳೆ. ಒಂಬತ್ತಕ್ಕೆ ಪ್ರೆಸ್ ತೆಗೆಯುತ್ತದೆ. ಫೈಲ್ ನಾನೇ ಒಯ್ಯುತ್ತೇನೆ ಅಂದೆ, ಸರಿ ಅಂದಳು. ನನ್ನ ಮೇಲೆ ಅಷ್ಟು ನಂಬಿಕೆ.
ಮೂರನೇ ತಾರೀಖಿನ ಮೊದಲ ಪುಟ ವಾಪಸ್ ತೆಗೆದೆ. ಎರಡು ಹೆಸರು. ಅವಳದು ಮೇಲೆ, ನನ್ನದು ಕೆಳಗೆ. ಹೀಗೇ ಕಳಿಸಿದರೆ ನ್ಯಾಯ. ಗೊತ್ತು.
ಕರ್ಸರ್ ಅವಳ ಹೆಸರಿನ ಕೊನೆಯಲ್ಲಿ ಮಿಣುಕುತ್ತಿದೆ. ಒಂದಕ್ಷರ ಅಳಿಸಿ ನೋಡಿದೆ. ಎಷ್ಟು ಸುಲಭ... ಮತ್ತೆ ಹಾಕಿದೆ. ಇನ್ನೊಂದು ಸಲ ಅಳಿಸಿದೆ. ಎರಡಕ್ಷರ.
ಕೆಳಗಿಂದ ಕೂಗುತ್ತಿದ್ದಾಳೆ – ಏನಾದರೂ ತಿಂದುಕೊಂಡು ಹೋಗು, ಜ್ವರ ಬಿಟ್ಟ ಮೈ ಅಂತ. ಬಂದೆ ಅಕ್ಕ ಅಂದೆ. ಕೈ ಮಾತ್ರ ಕೀಬೋರ್ಡಿನ ಮೇಲೇ ಇದೆ.