ಮಾಳಿಗೆಗೆ ಎಸೆದ ಹಲ್ಲು

ಜೂನ್ 2, ಸೋಮವಾರ
ಮತ್ತೆ ಎಡಗಡೆ ದವಡೆ. ಲವಂಗ ಕಚ್ಚಿಕೊಂಡೇ ಮೈಕಿನ ಮುಂದೆ ಕೂತೆ. ಬೈಲಹೊಂಗಲ ಬಸ್ ಸ್ಟ್ಯಾಂಡಿನಲ್ಲಿ ಆರು ವರ್ಷದಿಂದ ಬಸ್ಸು ಕೂಗುವವಳು. ಹಲ್ಲುನೋವೆಂದು ರಜೆ ಕೇಳಲು ನಾಚಿಕೆ. ಮಧ್ಯಾಹ್ನ ಕಂಟ್ರೋಲರ್ ಅಂದಾನೆಪ್ಪ ನಗುತ್ತ ಬಂದರು. ಸವದತ್ತಿ ಬಸ್ಸನ್ನು ಮೂರು ಸಲ ‘ಥವದತ್ತಿ’ ಎಂದೆನಂತೆ. ನನ್ನ ಕಿವಿಗೆ ಸರಿಯಾಗಿಯೇ ಕೇಳಿತ್ತು.

ಜೂನ್ 4
ಡೆಂಟಿಸ್ಟ್ ಎಕ್ಸ್‌ರೇ ತೆಗೆದರು. ಬುದ್ಧಿ ಹಲ್ಲು ಅಡ್ಡ ಮಲಗಿದೆ. ಅದರ ಮಗ್ಗುಲಿಗೆ ಇನ್ನೊಂದು, ಪುಟ್ಟದು — ಮಕ್ಕಳ ಮುಂದಿನ ಹಲ್ಲಿನಂಥದು. ಕೆಲವರಿಗೆ ಹೀಗೆ ಹೆಚ್ಚಿನದೊಂದು ಇರುತ್ತದಂತೆ. ಬಿಟ್ಟರೆ ಕೀವು. ತೆಗೆದರೆ ನರ ಹತ್ತಿರ, ತುಟಿ ಜೋಮು ಹಿಡಿಯಬಹುದು. ಯೋಚಿಸಿ ಹೇಳುತ್ತೇನೆ ಎಂದೆ.
ಯೋಚಿಸಿದ್ದು ರೇಣುವನ್ನು.

ಜೂನ್ 5
ಬರೆದೇ ಬಿಡುತ್ತೇನೆ. ಅಕ್ಕ ರೇಣು ಏಳನೇ ವರ್ಷಕ್ಕೆ ಜ್ವರದಲ್ಲಿ ಹೋದಳು. ಆಗಷ್ಟೇ ಮುಂದಿನ ಹಲ್ಲು ಬಿದ್ದಿತ್ತು. ಆ ಸಂದಿಯಿಂದ ಗಾಳಿ ಹೋಗಿ ನನ್ನ ಹೆಸರನ್ನು ‘ಥೀತಲಾ’ ಎನ್ನುತ್ತಿದ್ದಳು. ಜ್ವರ ಬಿಟ್ಟ ಮೇಲೆ ಎಸೆಯೋಣವೆಂದು ಹಲ್ಲನ್ನು ಕಡ್ಡಿಪೆಟ್ಟಿಗೆಯಲ್ಲಿಟ್ಟಿದ್ದಳು. ಅವಳನ್ನು ಮಣ್ಣು ಮಾಡಿ ಬಂದ ಸಂಜೆ ನಾನೇ ಅದನ್ನು ಸಗಣಿಯಲ್ಲಿ ಸುತ್ತಿ ಮಾಳಿಗೆಗೆ ಎಸೆದೆ, ಹೊಸದು ಕೊಡು ಎಂದು. ಐದು ವರ್ಷದವಳಿಗೆ ಏನು ತಿಳಿಯುತ್ತದೆ? ಅಜ್ಜಿ ರಾಚವ್ವ ನೋಡಿಬಿಟ್ಟಳು. ಬೈಯಲಿಲ್ಲ.
“ಸತ್ತವರ ಹಲ್ಲು ಮಾಳಿಗಿಗೆ ಒಗದಿಯಲ್ಲ, ಇನ್ನ ಅದು ಯಾರ ಬಾಯಾಗ ಬರಬೇಕು?”

ಜೂನ್ 11
ಗಲ್ಲ ಊದಿದೆ. ಈಗ ನನಗೂ ಕೇಳಿಸುತ್ತದೆ… ಥವದತ್ತಿ, ಥುರೇಬಾನ, ‘ಸ’ ಇದ್ದ ಊರೆಲ್ಲ ಹೀಗೇ. ಹೆದರಿಕೆ. ಕಿಟಕಿಯಿಂದ ನೋಡಿದರೆ ಸ್ಪೀಕರ್ ಕೆಳಗಿನ ಬೆಂಚಿನಲ್ಲಿ ಅವ್ವ, ಕಣ್ಣು ಮುಚ್ಚಿಕೊಂಡು. ಮೂರು ದಿನದಿಂದ ಬರುತ್ತಿದ್ದಾಳಂತೆ. ಯಾವ ಬಸ್ಸನ್ನೂ ಹತ್ತುವುದಿಲ್ಲ.
ಮನೆಗೆ ಬಂದು ಹೇಳಿದೆ, ತೆಗೆಸುತ್ತೇನೆ ಅಂತ. ಊದಿದ ಗಲ್ಲವನ್ನು ಮೆಲ್ಲಗೆ ಸವರಿದಳು.
“ನಿನಗ ಬ್ಯಾಡಾದ್ರ ನನಗರ ಕೊಡ,” ಎಂದಳು.
ಅತ್ತುಬಿಟ್ಟೆ. ಆದರೂ ಡಾಕ್ಟರಿಗೆ ಫೋನ್ ಮಾಡಿದೆ. ನನ್ನ ಬಾಯಿ ನನಗೆ ಬೇಕು.

ಜೂನ್ 14, ಮಧ್ಯಾಹ್ನ 1
ತೆಗೆಸಿದೆ. ಬಾಯಲ್ಲಿ ಹತ್ತಿಯುಂಡೆ, ಮಾತಾಡುವಂತಿಲ್ಲ. ಬುದ್ಧಿ ಹಲ್ಲು ಬಂತು. ಪುಟ್ಟದು ಸಿಗಲಿಲ್ಲ. ಡಾಕ್ಟರ್ ಹಳೇ ಎಕ್ಸ್‌ರೇ ಎರಡು ಸಲ ನೋಡಿದರು, ಹೊಸದು ತೆಗೆದರು. ಇಲ್ಲ.
ಹೊರಗೆ ಅವ್ವ ಕಾಯುತ್ತಿದ್ದಳು. ದಾರಿಯುದ್ದಕ್ಕೂ ಬಾಯಿಗೆ ಸೆರಗು ಹಿಡಿದುಕೊಂಡೇ ಬಂದಳು. ಪಾಪ, ನನಗಿಂತ ಅವಳಿಗೇ ಸಂಕಟ ಅಂದುಕೊಂಡೆ.
ಈಗ ಗಂಜಿ ಕಾಸುತ್ತಿದ್ದಾಳೆ. ಪಾತ್ರೆ ಸದ್ದು ನಿಂತಿತು. ಕರೆಯುತ್ತಿದ್ದಾಳೆ —
“ಥೀತಲಾ, ಗಂಜಿ ಆರತೈತಿ, ಬಾ…”
ಬಾಗಿಲಿಗೇ ಬಂದಳು. ಸೆರಗು ಸರಿಸಿ ನಗುತ್ತಿದ್ದಾಳೆ. ಬಾಯಲ್ಲಿ ಪುಟ್ಟದೊಂದು —